ತಿಕ್ಕಿದವರ ಹೆಸರು

ತೊಂಬತ್ತು ಸೆಕೆಂಡಿನಲ್ಲಿ ಏನೇನು ಮಾಡಬಹುದು? ಒಂದು ಲೋಟ ನೀರು ಕುಡಿಯಬಹುದು. ಕನ್ನಡಕ ಒರೆಸಿಕೊಳ್ಳಬಹುದು. ಸರಕಾರದ ಪ್ರಕಾರ, ಒಬ್ಬರ ಕೈಯನ್ನು ಮೊಣಕೈ ಮೇಲಿಂದ ಕತ್ತರಿಸಬೇಕೋ ಬೇಡವೋ ಎಂದು ಯೋಚಿಸಿ, ತೀರ್ಮಾನಿಸಿ, ಒಪ್ಪಿಗೆಯ ಗುಂಡಿಯನ್ನೂ ಒತ್ತಬಹುದು. ಈ ಲೆಕ್ಕ ಹಾಕಿದ ಪುಣ್ಯಾತ್ಮ ಯಾರೆಂದು ನಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.

ನಾನು ಡಾಕ್ಟರ್ ಇಂದುಮತಿ ಕಟಗಿ. ಹುಬ್ಬಳ್ಳಿಯಲ್ಲಿ ಎಲುಬು ಮತ್ತು ಮಾಂಸಖಂಡದ ಗಂಟುಗಳಿಗೆಂದೇ ಇರುವ ಆಸ್ಪತ್ರೆಯಲ್ಲಿ ಪ್ಯಾಥಾಲಜಿಸ್ಟ್ ಆಗಿದ್ದೆ. ಈಗಿನ ನನ್ನ ಹುದ್ದೆಯ ಹೆಸರು ‘ಅನುಮೋದಕರು’. ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಾಗಿ ಬಾಗಿ ಕತ್ತು ಹಾಳು ಮಾಡಿಕೊಂಡ ಮೇಲೆ ಸಿಕ್ಕ ಬಡ್ತಿ ಇದು. ಮೈಕ್ರೋಸ್ಕೋಪಿನ ಜಾಗದಲ್ಲಿ ಈಗ ಎರಡು ಗುಂಡಿಗಳಿವೆ: ಹಸಿರು ಒಪ್ಪಿಗೆ, ಹಳದಿ ತಕರಾರು.

ಕಾಗದದಲ್ಲಿ ಆ ಯಂತ್ರದ ಹೆಸರು ತ್ರಿನೇತ್ರ. ಊರವರ ಬಾಯಲ್ಲಿ ಬರೀ ಪೆಟ್ಟಿಗೆ. ನಮ್ಮ ಕಾಯಿಲೆಗಳ ತಾಪತ್ರಯ ಏನೆಂದರೆ, ಎಲುಬು ಮತ್ತು ಮಾಂಸದ ಗಂಟುಗಳಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಎಷ್ಟೋ ಜಾತಿಗಳನ್ನು ಒಬ್ಬ ವೈದ್ಯ ಇಡೀ ಜೀವಮಾನದಲ್ಲಿ ಒಮ್ಮೆ ನೋಡಿದರೆ ಹೆಚ್ಚು. ನೋಡಲು ಒಂದರ ಹಾಗೆ ಇನ್ನೊಂದು. ಒಂದು ತಾನಾಗಿ ಕರಗಿ ಹೋಗುತ್ತದೆ, ಅದರ ತದ್ರೂಪಿಯಂತಿರುವ ಇನ್ನೊಂದು ಆರು ತಿಂಗಳಲ್ಲಿ ಮನುಷ್ಯನನ್ನೇ ಮುಗಿಸುತ್ತದೆ. ಮೊದಲೆಲ್ಲ ಅನುಮಾನ ಬಂದರೆ ಗಾಜಿನ ಪಟ್ಟಿಗಳನ್ನು ಮುಂಬೈಗೋ ಬೆಂಗಳೂರಿಗೋ ಕೊರಿಯರ್ ಮಾಡಿ ಮೂರು ವಾರ ಕಾಯುತ್ತಿದ್ದೆವು. ಪೆಟ್ಟಿಗೆಯ ಕಮಾನಿನ ಕೆಳಗೆ ಈಗ ರೋಗಿ ಕೈಯನ್ನೋ ಕಾಲನ್ನೋ ಇಡುತ್ತಾನೆ. ಗಂಟಿನ ಯಾವ ಭಾಗದಲ್ಲಿ ಜೀವಕೋಶಗಳು ಅತಿ ಜೋರಾಗಿ ಹೆಚ್ಚುತ್ತಿವೆಯೋ ಅಲ್ಲಿಗೆ ಅದರ ಸೂಜಿ ತಾನೇ ಇಳಿದು ಜೋಳದ ಕಾಳಿನಷ್ಟು ಮೂರು ಚೂರು ತೆಗೆಯುತ್ತದೆ. ಕೋಶಗಳ ರೂಪ, ಒಳಗಿನ ಪ್ರೋಟೀನು, ಜೀನು ಎಲ್ಲವನ್ನೂ ಓದಿ, ಜಗತ್ತಿನ ಎಲ್ಲೆಲ್ಲಿಂದಲೋ ಕೂಡಿಟ್ಟ ಲಕ್ಷಾಂತರ ಚೂರುಗಳ ಜೊತೆ ಹೋಲಿಸಿ, ಹನ್ನೊಂದು ನಿಮಿಷಕ್ಕೆ ಒಂದು ಹೆಸರು, ಒಂದು ಶೇಕಡಾ ಹೇಳುತ್ತದೆ. ಆಮೇಲೆ ನನ್ನ ತೊಂಬತ್ತು ಸೆಕೆಂಡು ಶುರು.

ಮೊದಲ ವರ್ಷ ನಾನು ಪೆಟ್ಟಿಗೆಯ ಜೊತೆ ನಲವತ್ಮೂರು ಸಲ ಜಗಳ ತೆಗೆದೆ. ನಲವತ್ತೊಂದು ಸಲ ಸೋತೆ. ಎರಡು ಸಲ ಗೆದ್ದೆ, ಅದರಲ್ಲಿ ಒಂದು ಸಲ ಕರೆಂಟು ಹೋಗಿತ್ತು. ಹಾಗಾಗಿ ಯಂತ್ರದ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಯಾರೂ ತಿಳಿಯಬೇಡಿ. ನವಲಗುಂದದ ಒಂದು ಹೆಣ್ಣುಮಗುವಿನ ತೊಡೆಯಲ್ಲಿದ್ದದ್ದನ್ನು ನಾನು ಕೀವು ಎಂದಿದ್ದೆ, ಪೆಟ್ಟಿಗೆ ಕ್ಯಾನ್ಸರ್ ಎಂದಿತು. ಆ ಮಗು ಈಗ ಶಾಲೆಗೆ ಓಡಿ ಹೋಗುತ್ತದೆ. ಅಂಥದನ್ನು ನಾಲ್ಕು ಸಲ ನೋಡಿದ ಮೇಲೆ ಹಸಿರು ಗುಂಡಿಯ ಮೇಲೆ ಬೆರಳು ತಾನಾಗಿ ಕೂತುಬಿಡುತ್ತದೆ.

ಊರೂ ಪೆಟ್ಟಿಗೆಗೆ ಒಗ್ಗಿಕೊಂಡಿತು. ಒಗ್ಗಿಕೊಂಡಿತು ಎಂದರೆ, ಇಡೀ ಊರು ಶೇಕಡಾದಲ್ಲಿ ಮಾತಾಡತೊಡಗಿತು. ನಮ್ಮ ಪಡಸಾಲೆಯಲ್ಲಿ ಕೂತವರು ಒಬ್ಬರನ್ನೊಬ್ಬರು “ನಿಮಗ ಎಷ್ಟು ಬಂತ್ರಿ?” ಎಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿದ ಹಾಗೆ ಕೇಳುತ್ತಾರೆ. ಹಾನಿಯಿಲ್ಲ ಎಂದು ಬಂದ ಚೀಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ ಮನೆಗಳನ್ನು ನಾನೇ ಕಂಡಿದ್ದೇನೆ. ಹೆಣ್ಣು ನೋಡಲು ಹೋದವರು ಹುಡುಗಿಯ ಮೊಣಕಾಲಿನ ಒಂದು ಗುಳ್ಳೆ ಕಂಡು ‘ಒಮ್ಮೆ ಕಮಾನಿನ ಕೆಳಗೆ ಇಡಿಸಿಬಿಡಿ’ ಎಂದ ಕಥೆಯೂ ನಡೆದಿದೆ. ಹುಡುಗಿ ಒಪ್ಪಲಿಲ್ಲವಂತೆ, ಪುಣ್ಯ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೆರೆಯ ಮೇಲೆ ಬಂದದ್ದು ಸಂಜನಾ ಬಡಿಗೇರಳ ಪ್ರಕರಣ. ಇಪ್ಪತ್ನಾಲ್ಕು ವರ್ಷ. ಗೋಪನಕೊಪ್ಪದ ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವವಳು. ಬಲ ಮೊಣಕೈ ಮುಂದಿನ ಮಾಂಸದಲ್ಲಿ ಲಿಂಬೆಹಣ್ಣಿನಷ್ಟು ಗಂಟು, ಐದು ವಾರದಿಂದ. ಗಾಯದ ಇತಿಹಾಸ: ಇಲ್ಲ. ಹೊರಗಿನ ಚಿಕಿತ್ಸೆ: ಇಲ್ಲ. ಪೆಟ್ಟಿಗೆಯ ತೀರ್ಪು: ಮಾಂಸದೊಳಗೆ ಹುಟ್ಟಿದ ಎಲುಬಿನ ಕ್ಯಾನ್ಸರ್, ಶೇಕಡಾ ತೊಂಬತ್ತೇಳು. ಗಂಟು ದೊಡ್ಡ ರಕ್ತನಾಳವನ್ನೂ ನರವನ್ನೂ ಸುತ್ತಿಕೊಂಡಿದೆ. ಮೊಣಕೈ ಮೇಲಿಂದ ಕೈ ತೆಗೆಯುವುದು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ.

ನನ್ನ ಬೆರಳು ಹಸಿರಿನ ಮೇಲೆ ಹೋದದ್ದು ನಿಜ. ಆದರೆ ಇಪ್ಪತ್ನಾಲ್ಕು ಎಂಬ ಸಂಖ್ಯೆ ಕಣ್ಣಿಗೆ ಚುಚ್ಚಿತು. ಇದು ಅಪರೂಪದಲ್ಲಿ ಅಪರೂಪದ ಕ್ಯಾನ್ಸರು, ಬಂದರೂ ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುವಂಥದು.

“ಟೈಮ್ ಹೊಂಟೈತ್ರಿ ಮೇಡಂ. ನಲವತ್ತು ಸೆಕೆಂಡ್ ಉಳದಾವ್ರಿ” ಎಂದ ಮಕ್ತುಂ. ಮಕ್ತುಂಸಾಬ ನಮ್ಮ ಟೆಕ್ನಿಷಿಯನ್. ಒಂದು ಕಾಲಕ್ಕೆ ಕೂದಲಿಗಿಂತ ತೆಳುವಾಗಿ ಮಾಂಸದ ಪದರ ಕತ್ತರಿಸುತ್ತಿದ್ದ ಕೈ ಅವನದು. ಈಗ ಪೆಟ್ಟಿಗೆಯ ಗಾಜು ಒರೆಸುತ್ತಾನೆ.

“ಒತ್ತಂಗಿಲ್ಲೋ ಮಕ್ತುಂ.”

“ತಕರಾರು ಒತ್ತೀರೇನ್ರಿ? ನಾಕು ವರ್ಷ ಆತಲ್ರಿ ನೀವು ಅದನ್ನ ಮುಟ್ಟಿ!”

ಒತ್ತಿದೆ. ಹಳದಿ ಗುಂಡಿ ಧೂಳು ತಿಂದು ಗಟ್ಟಿಯಾಗಿತ್ತು, ಎರಡು ಸಲ ಒತ್ತಬೇಕಾಯಿತು.

ನನ್ನ ಅನುಮಾನ ಇಷ್ಟೇ. ಪೆಟ್ಟು ಬಿದ್ದ ಮಾಂಸ ಕೆಲವೊಮ್ಮೆ ವಾಸಿಯಾಗುವ ಭರದಲ್ಲಿ ದಾರಿ ತಪ್ಪಿ ಎಲುಬು ಬೆಳೆಸಿಕೊಳ್ಳುತ್ತದೆ. ಅದಕ್ಕೆ ಯಾವ ಹಾನಿಯೂ ಇಲ್ಲ, ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಆದರೆ ಅದರ ನಡುಭಾಗದ ಚೂರನ್ನು ನೋಡಿದರೆ ಎಂಥವನೂ ಕ್ಯಾನ್ಸರ್ ಎಂದು ಕೂಗಬೇಕು, ಹಾಗೆ ಕುದಿಯುತ್ತಿರುತ್ತದೆ. ಇಂಥ ಗಂಟುಗಳಲ್ಲಿ ಕೆಲವಕ್ಕೆ ಜೀನಿನಲ್ಲಿ ಒಂದು ಗುರುತು ಸಿಗುತ್ತದೆ, ಇವಳಲ್ಲಿ ಸಿಕ್ಕಿರಲಿಲ್ಲ. ಎಲ್ಲರಲ್ಲೂ ಸಿಗುವುದೂ ಇಲ್ಲ. ಹಾಗಾದಾಗ ವ್ಯತ್ಯಾಸ ತಿಳಿಯುವುದು ಅಂಚಿನಲ್ಲಿ. ಪೆಟ್ಟಿನ ಗಂಟು ಅವಸರದಲ್ಲಿ ಬೇಯಿಸಿದ ರೊಟ್ಟಿಯ ಹಾಗೆ, ಅಂಚು ಬೆಂದಿರುತ್ತದೆ, ನಡುವೆ ಹಸಿ. ಕ್ಯಾನ್ಸರಿನಲ್ಲಿ ಅಂಚೇ ಹಸಿ. ನಮ್ಮ ಪೆಟ್ಟಿಗೆಯ ಸೂಜಿಯೋ, ಎಲ್ಲಿ ಹೆಚ್ಚು ಕುದಿಯುತ್ತದೆಯೋ ಅಲ್ಲಿಗೇ ಹೋಗುವಂತೆ ಮಾಡಿದ್ದು. ಹಸಿ ಹಿಟ್ಟನ್ನೇ ಮೂರು ಸಲ ತಿಂದು ನೋಡಿ ತೊಂಬತ್ತೇಳು ಎಂದಿತ್ತು.

ಅಂಚಿನಿಂದ ಒಂದು ಚೂರು ತೆಗೆಯಲು ಏನು ಧಾಡಿ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ತೆರೆಯ ಮೇಲೆ ಬೆಂಗಳೂರಿನ ನಿಯಂತ್ರಣ ಕೊಠಡಿಯಿಂದ ಡಾಕ್ಟರ್ ನಿಶ್ಚಲ್ ಕಾಣಿಸಿಕೊಂಡ. ಮೂವತ್ತು ದಾಟಿರಲಿಕ್ಕಿಲ್ಲ. ತುಂಬ ಮರ್ಯಾದಸ್ಥ. ಆ ಮರ್ಯಾದೆಗೇ ನನ್ನ ಪಿತ್ತ ನೆತ್ತಿಗೇರುತ್ತದೆ.

“ಮೇಡಂ, ನಿಮ್ಮ ಅನುಭವದ ಬಗ್ಗೆ ನಮಗೆ ಅಪಾರ ಗೌರವ ಇದೆ.”

“ಗೌರವ ನೀವ ಇಟ್ಕೊಳ್ರಿ. ನನಗ ಸೂಜಿ ಕೊಡ್ರಿ.”

“ಕ್ಯಾನ್ಸರ್ ಅಂತ ಬಂದ ಗಂಟಿಗೆ ಮತ್ತೆ ಮತ್ತೆ ಚುಚ್ಚಿದರೆ ಹರಡುತ್ತೆ ಅನ್ನೋ ಭಯ ಇದೆಯಲ್ಲ ಮೇಡಂ. ಎರಡನೇ ಸೂಜಿಗೆ ಹೊಸ ಮಾಹಿತಿ ಬೇಕು. ಅಭಿಪ್ರಾಯ ಮಾಹಿತಿ ಅಲ್ಲ. ಪೆಟ್ಟು ಬಿದ್ದಿದ್ದರೆ ಲೆಕ್ಕಾಚಾರವೇ ಬೇರೆ ಆಗ್ತಿತ್ತು. ಆದರೆ ಇಲ್ಲ ಅಂತ ಅವರೇ ಬರೆದುಕೊಟ್ಟಿದ್ದಾರೆ.”

“ಇಲ್ಲಂತ ಬರದ್ರ ಇಲ್ಲಂತ ಅರ್ಥ ಏನ್ರಿ?”

ಅವನು ಪಾಪ, ಬೆಂಗಳೂರಿನವನು. ಇಲ್ಲ ಎಂದರೆ ಇಲ್ಲ ಎಂದೇ ಅರ್ಥ ಅಂದುಕೊಂಡಿದ್ದ.

ವಾರ್ಡಿಗೆ ಹೋದೆ. ಸಂಜನಾ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು. ಸಣಕಲು ಹುಡುಗಿ, ಆದರೆ ಅಂಗೈಗಳು ಮಾತ್ರ ಅಗಲ, ಗಟ್ಟಿ. ತಾಯಿ ದ್ಯಾಮವ್ವ ನನ್ನನ್ನು ಕಂಡವಳೇ ಎದ್ದು ಗೋಡೆಗೆ ಒತ್ತಿಕೊಂಡು ನಿಂತಳು.

“ಪೆಟ್ಟು ಬಿದ್ದಿತ್ತೇನು ಕೈಗೆ?” ಎಂದೆ.

“ಇಲ್ಲರೀ ಡಾಕ್ಟರ್‌ರ. ಏನೂ ಬಿದ್ದಿಲ್ಲರಿ. ತಾನ ಬಂದೈತ್ರಿ.”

“ಎಲ್ಲೆರ ತೋರಿಸಿದ್ರೇನು? ಎಣ್ಣಿ ಹಚ್ಚಿಸಿ ತಿಕ್ಕಿಸಿದ್ರೇನು?”

“ಎಲ್ಲೂ ಹೋಗಿಲ್ಲರಿ.” ಉತ್ತರ ಬಾಯಿಪಾಠ ಒಪ್ಪಿಸಿದಷ್ಟು ಬೇಗ ಬಂತು.

“ಯವ್ವಾ, ಶುಕ್ರವಾರ ಈಕಿ ಕೈ ತಗೀತಾರ! ತಿಳೀತೈತಿಲ್ಲೋ ನಿಮಗ? ಖರೇ ಹೇಳಾಕ ಏನು ರೋಗ? ಮಗಳ ಕೈಕಿಂತ ದೊಡ್ಡದೇನೈತಿ ನಿಮಗ?” ನನ್ನ ದನಿ ಏರಿತ್ತು. ಪಕ್ಕದ ಮಂಚದವರೆಲ್ಲ ಎದ್ದು ಕೂತರು. ಸಂಜನಾ ತಲೆ ಎತ್ತಲಿಲ್ಲ. ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು “ಏನೂ ಬಿದ್ದಿಲ್ಲರಿ” ಎಂದಳು ಮತ್ತೆ.

ಸಿಟ್ಟಿನಿಂದ ಮನೆಗೆ ಬಂದೆ. ಸಂಜೆ ಆರು ಗಂಟೆ. ಅತ್ತೆ ಪಾರ್ವತೆವ್ವ ಪಡಸಾಲೆಯಲ್ಲಿ ಕೂತು ಟೀವಿ ನೋಡುತ್ತಿದ್ದರು. ಎಂಬತ್ತೊಂದು ವರ್ಷ, ಗಂಡನನ್ನೂ ಮಗನನ್ನೂ ಕಳೆದುಕೊಂಡರೂ ನಾಲಿಗೆಯ ಚುರುಕು ಕಳೆದುಕೊಳ್ಳದ ಜೀವ. ನನ್ನ ಗಂಡ ಹೋಗಿ ಹತ್ತು ವರ್ಷವಾಯಿತು, ನಾವಿಬ್ಬರೂ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೇವೆ. ಚಹಾ ಕೊಡಲು ಬಾಗಿದವಳಿಗೆ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ. ಈ ವಾಸನೆಯನ್ನು ನಾನು ನೂರು ಹಾಳಾದ ಕೈಕಾಲುಗಳ ಮೇಲೆ ಮೂಸಿದ್ದೇನೆ.

“ಅತ್ತೀ, ಭುಜ ತಿಕ್ಕಿಸ್ಕೊಂಡ್ರೇನು?”

“ಇಲ್ಲವಾ. ದೇವರ ದೀಪದ ಎಣ್ಣಿ ಹತ್ತೈತಿ ನೋಡು.”

“ದೀಪಾ ಭುಜದ ಮ್ಯಾಲೆ ಹಚ್ಚಿದ್ರೇನು?”

ಅತ್ತೆ ಟೀವಿಯ ಸದ್ದು ಹೆಚ್ಚು ಮಾಡಿದರು. ನಾನು ಆರಿಸಿದೆ.

“ಎಷ್ಟ ದಿನದಿಂದ ನಡದೈತಿ ಇದು?”

“ಹೇಳಿದ್ರ ನೀ ಬೈತಿ.”

“ನಾ ಯಾವಾಗ ಬೈದೇನಿ ನಿಮಗ?”

“ಈಗ ಏನ ಮಾಡಾಕಹತ್ತಿ ಮತ್ತ?”

ಅತ್ತೆ ಚಹಾ ಗುಟುಕರಿಸಿ ತಣ್ಣಗೆ ಹೇಳತೊಡಗಿದರು. ಹಳೇ ಹುಬ್ಬಳ್ಳಿಯ ಫಕ್ಕೀರಪ್ಪ. ಮೊದಲು ಪೈಲ್ವಾನ, ಈಗ ಎಲುಬಿಗೆ ಕಟ್ಟು ಕಟ್ಟುವವನು. ಅವನ ಅಂಗಡಿಗೆ ಬೀಗ ಬಿದ್ದ ಮೇಲೆ ಜನ ಹಿತ್ತಲ ಬಾಗಿಲಿನಿಂದ ಹೋಗುತ್ತಾರಂತೆ. “ಪೇಪರಿನ್ಯಾಗ ನಿನ್ನ ಫೋಟೋ ಬಂತು ನೋಡು, ಆವತ್ತಿನಿಂದ ಎಲ್ಲಾರೂ ಒಬ್ಬರಿಗೊಬ್ಬರು ಹೇಳಿಕೊಡ್ತಾರವಾ. ಆಸ್ಪತ್ರ್ಯಾಗ ಕೇಳಿದ್ರ ಏನೂ ಬಿದ್ದಿಲ್ಲ, ಎಲ್ಲೂ ಹೋಗಿಲ್ಲ ಅನ್ರಿ ಅಂತ. ನಾನೂ ನಾಕು ಮಂದಿಗೆ ಹೇಳಿಕೊಟ್ಟೇನಿ.”

ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ.

ಆ ಫೋಟೋದ ಕಥೆ ಹೇಳಲೇಬೇಕು. ಮೂರು ವರ್ಷದ ಹಿಂದೆ ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ಒಬ್ಬ ಹೆಣ್ಣುಮಗಳ ಅಂಗೈ ಕೊಳೆತು ಹೋಗಿತ್ತು. ನನಗೆ ತಡೆಯಲಾಗಲಿಲ್ಲ. ಅರ್ಜಿ ಬರೆದೆ, ಅಧಿಕಾರಿಗಳ ಹತ್ತಿರ ಹೋದೆ, ಸಮಿತಿಯಲ್ಲಿ ಕೂತೆ. ಪರವಾನಗಿಯಿಲ್ಲದೆ ತಿಕ್ಕುವುದು, ಕಟ್ಟುವುದು ಅಪರಾಧವಾಯಿತು, ಪೇಪರಿನಲ್ಲಿ ನನ್ನ ಫೋಟೋ ಬಂತು. ಅಷ್ಟೇ ಸಾಲದೆಂದು, ರೋಗಿಯ ಹಾಳೆಯಲ್ಲಿ ಒಂದು ಕಾಲಂ ಸೇರಿಸಿದೆವು: ತಿಕ್ಕಿದವರ ಹೆಸರು ಮತ್ತು ಗುರುತಿನ ಸಂಖ್ಯೆ. ಅದನ್ನು ತುಂಬಿದ ಕೂಡಲೇ ದೂರು ತಾನಾಗಿ ಪೊಲೀಸರಿಗೆ ಹೋಗುತ್ತದೆ. ಈ ಕಾಲಂ ಐಚ್ಛಿಕ ಇರಲಿ ಎಂದು ಒಬ್ಬರು ಅಂದಾಗ, ಮೇಜು ಗುದ್ದಿ ಕಡ್ಡಾಯ ಮಾಡಿಸಿದವಳು ನಾನೇ. ಅದರ ಫಲವಾಗಿ ಊರಿಗೆ ಊರೇ ಒಂದು ಸುಳ್ಳನ್ನು ಬಾಯಿಪಾಠ ಮಾಡಿತು, ಪೆಟ್ಟಿಗೆ ಆ ಸುಳ್ಳನ್ನು ನಂಬಿ ಲೆಕ್ಕ ಹಾಕುತ್ತ ಬಂತು, ನಾನು ಮಾತ್ರ ಜನ ಕಟ್ಟು ಕಟ್ಟಿಸಿಕೊಳ್ಳುವುದನ್ನೇ ಬಿಟ್ಟರು ಎಂದು ಮೂರು ವರ್ಷ ಬೀಗಿದೆ. ಇದಕ್ಕಿಂತ ದೊಡ್ಡ ಮೂರ್ಖತನ ನನ್ನ ಜನ್ಮದಲ್ಲಿ ಮಾಡಿಲ್ಲ.

“ಅತ್ತೀ, ನಾಳೆ ನನ್ನ ಕೂಡ ಆಸ್ಪತ್ರಿಗೆ ಬರ್ತೀರೇನು?”

“ಯಾಕವಾ, ನನ್ನ ಭುಜಾನೂ ಕಮಾನಿನ ಕೆಳಗ ಇಡಸ್ತಿಯೇನು?”

“ಇಲ್ಲ. ನನ್ನ ಬದಲಿ ನೀವು ಮಾತಾಡ್ರಿ.”

ಬುಧವಾರ ಬೆಳಿಗ್ಗೆ ಅತ್ತೆ ಇಳಕಲ್ ಸೀರೆಯುಟ್ಟು ಬಂದರು. ವಾರ್ಡಿನ ಬಾಗಿಲಲ್ಲಿ ನನಗೆ “ನೀ ಬಾಯಿ ಮುಚ್ಚಿಕೊಂಡು ನಿಲ್ಲು” ಎಂದು ತಾಕೀತು ಮಾಡಿದರು. ನಿಂತೆ. ಬಹಳ ಕಷ್ಟದ ಕೆಲಸ ಅದು. ಅತ್ತೆ ಸಂಜನಾಳ ಮಂಚದ ಮೇಲೆ ಕೂತು, ಸೆರಗು ಸರಿಸಿ, ದ್ಯಾಮವ್ವನ ಮೂಗಿನ ಹತ್ತಿರ ಭುಜ ಹಿಡಿದರು.

“ಮೂಸಿ ನೋಡವಾ. ಯಾರ ಎಣ್ಣಿ ಇದು?”

ದ್ಯಾಮವ್ವನ ಕಣ್ಣುಗಳು ಅಗಲವಾದವು. ನನ್ನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು.

“ನಾ ಈ ಡಾಕ್ಟರಳ ಅತ್ತಿ. ಆರು ವಾರ ಆತು ತಿಕ್ಕಿಸ್ಕೊಳ್ಳಾಕ ಹೊಂಟು. ಈಕಿ ನಿನ್ನೆ ಹಿಡದಾಳ ನನ್ನ. ನೋಡು, ಇನ್ನೂ ಜೀವಂತ ಅದೇನಿ.”

ದ್ಯಾಮವ್ವನಿಗೆ ನಗು ಬಂತು, ಅದರ ಹಿಂದೆಯೇ ಅಳು. ಅಳುತ್ತಲೇ ಹೇಳಿದಳು. ರೊಟ್ಟಿ ಕೇಂದ್ರದಲ್ಲಿ ಚೀಲಗಳ ಅಟ್ಟಿಯಿಂದ ಒಂದು ಜೋಳದ ಚೀಲ ಜಾರಿ ಸಂಜನಾಳ ಮೊಣಕೈ ಮೇಲೆ ಬಿದ್ದಿತ್ತು. ಏಳು ವಾರದ ಹಿಂದೆ. ಬಾವು ಇಳಿಯಲಿಲ್ಲ. ಮೂರು ವಾರ ದಿನಾ ಬೆಳಿಗ್ಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಿದ್ದರು. ಬಾವು ಇದ್ದ ಮೊಣಕೈಯನ್ನು ಹಾಗೆ ತಿಕ್ಕಿದರೆ ಮಾಂಸ ಎಲುಬಾಗದೆ ಇನ್ನೇನಾಗುತ್ತದೆ! ನನ್ನ ಬಾಯಿ ತೆರೆದೇಬಿಟ್ಟಿತ್ತು. ಅತ್ತೆ ಕಣ್ಣಲ್ಲೇ ಗದರಿಸಿದರು. ಮುಚ್ಚಿದೆ.

“ಫಕ್ಕೀರಪ್ಪ ನಮ್ಮ ಕಾಕಾರಿ,” ಎಂದಳು ದ್ಯಾಮವ್ವ. “ನಮ್ಮಪ್ಪ ಸತ್ತ ಮ್ಯಾಲೆ ನನ್ನ ಸಾಕಿದಾಂವರಿ.”

“ಬರೇ ಹೆಸರು ಸಾಲಂಗಿಲ್ಲವಾ, ಅವರ ಗುರುತಿನ ನಂಬರ್ ಕೊಡು,” ಎಂದೆ ಆದಷ್ಟು ಮೆತ್ತಗೆ. “ಅಷ್ಟ ಕೊಟ್ರ ಪೆಟ್ಟಿಗಿ ಇನ್ನೊಮ್ಮೆ ಸೂಜಿ ಹಾಕಾಕ ಬಿಡ್ತೈತಿ.”

ಇಷ್ಟು ಹೊತ್ತು ಬಾಯಿ ಬಿಡದ ಸಂಜನಾ ಆಗ ತಲೆ ಎತ್ತಿದಳು. “ಕೊಡಂಗಿಲ್ಲರಿ. ಎಪ್ಪತ್ತಾರು ವರ್ಷ ಆಗ್ಯಾವ ಅಜ್ಜಗ. ಜೈಲಿಗೆ ಹಾಕ್ತೀರಿ. ಒಂದು ಕೈಲಿಂದ ಹೆಂಗರ ಬದುಕ್ತೀನಿ, ಅಜ್ಜನ್ನ ಕಳಿಸಿ ಬದಕಾಕ ಆಗಂಗಿಲ್ಲ.”

“ಹುಚ್ಚಿ ಏನು ನೀ? ಒಂದು ಕೈಲೆ ರೊಟ್ಟಿ ಬಡೀತಿಯೇನು?”

“ನಂಬರ್ ಕೊಡಂಗಿಲ್ಲರಿ” ಎಂದಳು ಅವಳು ಮತ್ತೆ. ತಾಯಿಗಿಂತ ಗಟ್ಟಿ.

ಬೇಡಿಕೊಂಡೆ, ಬೈದೆ, ಮತ್ತೆ ಬೇಡಿಕೊಂಡೆ. ಸಂಜೆಯವರೆಗೆ ಅಲ್ಲಾಡಲಿಲ್ಲ. ಆ ಹಟ ನೋಡಿ ಅಳು ಬಂತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಪೆಟ್ಟಿಗೆಯ ಮುಂದೆ ಕೂತು ಹಾಳೆ ತುಂಬಿದೆ. ಗಾಯ: ಮೊಣಕೈ ಮೇಲೆ ಚೀಲ ಬಿದ್ದದ್ದು, ಏಳು ವಾರ. ಹೊರಗಿನ ಚಿಕಿತ್ಸೆ: ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದು, ಮೂರು ವಾರ. ತಿಕ್ಕಿದವರ ಹೆಸರು ಮತ್ತು ಗುರುತಿನ ಸಂಖ್ಯೆ. ಅಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ. ಪೆಟ್ಟಿಗೆ ಕೆಂಪಗೆ ಮಿನುಗಿತು. ಖಾಲಿ ಬಿಟ್ಟೆ. ಮತ್ತೆ ಕೆಂಪು. ಯಾವುದೋ ಒಂದು ಸಂಖ್ಯೆ ಕುಟ್ಟಿದೆ. ಅಂಥ ಮನುಷ್ಯ ಇಲ್ಲ ಎಂದಿತು.

ನಿಶ್ಚಲನನ್ನು ತೆರೆಗೆ ಕರೆದೆ. “ಪೆಟ್ಟು ಬಿದ್ದೈತ್ರಿ. ಹೊಸ ಮಾಹಿತಿ ಸಿಕ್ಕೈತಿ. ಈ ಹೆಸರಿನ ಕಾಲಂ ಒಂದು ದಾಟಿಸಿ ಕೊಡ್ರಿ.”

“ನನ್ನ ಕೈಲಿ ಆಗಲ್ಲ ಮೇಡಂ, ನಿಜವಾಗಿ ಆಗಲ್ಲ. ಹೆಸರಿಲ್ಲದ ಹೇಳಿಕೆಯನ್ನ ಪೆಟ್ಟಿಗೆ ಮಾಹಿತಿ ಅಂತ ತಗೊಳ್ಳಲ್ಲ. ಆ ಕಾಲಂ ಕಡ್ಡಾಯ. ಸಮಿತಿಯ ನಡಾವಳಿಯಲ್ಲಿ ನಿಮ್ಮ ಸಹಿಯೇ ಇದೆ ಮೇಡಂ.”

“ಗೊತ್ತೈತಿ, ನನಗ ಗೊತ್ತೈತಿ!” ಎಂದು ಕೂಗಿ ತೆರೆ ಆರಿಸಿದೆ. ಸರ್ಜನ್ ಪಟ್ಟೇದರಿಗೆ ಫೋನು ಮಾಡಿ ಒಂದು ವಾರ ಮುಂದೂಡಿ ಎಂದೆ. ಪೆಟ್ಟಿಗೆ ತೊಂಬತ್ತೇಳು ಎಂದಿರುವಾಗ ತಡಮಾಡಿ, ನಾಳೆ ಅದು ಶ್ವಾಸಕೋಶಕ್ಕೆ ಹರಡಿದರೆ ಉತ್ತರ ಯಾರು ಕೊಡುವುದು ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರ ಮಾತೂ ಸರಿ, ಎಲ್ಲರೂ ನಿಯಮದಂತೆಯೇ ನಡೆಯುವವರು, ಆದರೆ ಕೈ ಮಾತ್ರ ನಾಳೆ ಒಂಬತ್ತಕ್ಕೆ ಹೋಗುತ್ತದೆ.

“ನನ್ನ ನಂಬರ್ ಹಾಕ್ರಿ ಮೇಡಂ” ಎಂದ ಮಕ್ತುಂ ಮೆಲ್ಲಗೆ.

“ನಿನಗ ಇಬ್ಬರು ಹೆಣ್ಣುಮಕ್ಕಳದಾರ. ಸುಮ್ಮನಿರು.”

ಕಾಲಂ ಮಿನುಗುತ್ತಲೇ ಇತ್ತು. ನನಗೆ ಬಂದದ್ದು ಧೈರ್ಯ ಅಲ್ಲ, ಸಿಟ್ಟು. ಆ ಮಿನುಗುವ ಗೆರೆಯ ಮೇಲೆ, ಅದನ್ನು ಅಲ್ಲಿಟ್ಟ ನನ್ನ ಮೇಲೆ. ಬೆರಳುಗಳು ತಾವಾಗಿ ಹೋಗಿ ಬರೆದವು: ಇಂದುಮತಿ ಕಟಗಿ. ನನ್ನ ಗುರುತಿನ ಸಂಖ್ಯೆ ನನಗೆ ಬಾಯಿಪಾಠ.

ಮಕ್ತುಂ “ಯಾ ಅಲ್ಲಾ” ಎಂದ.

ಪೆಟ್ಟಿಗೆ ಹಸಿರಾಯಿತು. ಅಷ್ಟೇ. ಇಪ್ಪತ್ತೆರಡು ವರ್ಷದ ನನ್ನ ಕಣ್ಣಿಗೆ ಸಿಗದ ಸೂಜಿ, ಒಂದು ಸುಳ್ಳಿಗೆ ಸಿಕ್ಕಿತು. ಹೊಸ ಮಾಹಿತಿ ಸ್ವೀಕರಿಸಲಾಗಿದೆ, ಗಂಟಿನ ಅಂಚಿನಿಂದ ಮಾದರಿ ತೆಗೆಯಬಹುದು ಎಂದು ತೆರೆಯ ಮೇಲೆ ಬಂತು. ಅದರ ಕೆಳಗೇ, ಇಂದುಮತಿ ಕಟಗಿ ಎಂಬವರ ವಿರುದ್ಧ ದೂರು ದಾಖಲಾಗಿದೆ ಎಂದು.

ಸಂಜನಾಳನ್ನು ಕರೆತಂದರು. ಅವಳಿಗೆ ಏನೂ ಹೇಳಿರಲಿಲ್ಲ. ಕಮಾನಿನ ಕೆಳಗೆ ಕೈ ಇಟ್ಟಳು. ಈ ಸಲ ಸೂಜಿ ಗಂಟಿನ ದಂಡೆ ಹಿಡಿದು ಇಳಿಯಿತು. ಹನ್ನೊಂದು ನಿಮಿಷ. ನನ್ನ ಅನುಮಾನ ತಪ್ಪಾಗಿದ್ದರೆ? ನಲವತ್ತೊಂದು ಸಲ ತಪ್ಪಿದ್ದೆ. ಅಂಚೂ ಹಸಿಯೇ ಇದ್ದರೆ, ಕ್ಯಾನ್ಸರಿಗೆ ಇನ್ನೊಂದು ತೂತು ಕೊರೆದುಕೊಟ್ಟವಳು ನಾನಾಗುತ್ತೇನೆ. ಏಳನೇ ನಿಮಿಷಕ್ಕೆ ದ್ಯಾಮವ್ವ ಬಂದು ನನ್ನ ಪಕ್ಕದಲ್ಲಿ ನಿಂತಳು. ಮೊದಲ ಸಲ ಗೋಡೆ ಬಿಟ್ಟು ನನ್ನ ಹತ್ತಿರ ನಿಂತದ್ದು ಅವಳು.

ಗಾಯದ ನಂತರ ಮಾಂಸದಲ್ಲಿ ಬೆಳೆದ ಎಲುಬು. ಹಾನಿಯಿಲ್ಲದ್ದು. ಶೇಕಡಾ ತೊಂಬತ್ತೊಂಬತ್ತು. ಶಸ್ತ್ರಚಿಕಿತ್ಸೆ ಬೇಡ, ತಿಕ್ಕಬಾರದು, ಕಾಯಿರಿ.

ಎರಡು ದಿನದ ಹಿಂದೆ ತೊಂಬತ್ತೇಳು ಎಂದ ಬಾಯಿ ಅದೇ. ಒಂದು ಕ್ಷಮೆ ಇಲ್ಲ, ಒಂದು ಸಂಕೋಚ ಇಲ್ಲ. ನನಗೂ ಅಷ್ಟು ಸುಲಭವಾಗಿ ಮಾತು ಬದಲಿಸಲು ಬಂದಿದ್ದರೆ ಎಂಥ ಸುಖವಾಗಿರುತ್ತಿದ್ದೆ. ಹಸಿರು ಗುಂಡಿ ಒತ್ತಿದೆ. ದ್ಯಾಮವ್ವ “ಎಷ್ಟು ಬಂತ್ರಿ?” ಎಂದು ಕೇಳಿದಳು. ಮಕ್ತುಂ ಹೇಳಿದ.

ಮರುವಾರ ನಾನು ಹಳೇ ಹುಬ್ಬಳ್ಳಿಗೆ ಹೋದೆ, ಮುಂದಿನ ಬಾಗಿಲಿನಿಂದಲೇ. ಫಕ್ಕೀರಪ್ಪಜ್ಜ ಎದ್ದು ನಿಂತ. ಅಂಥ ದೊಡ್ಡ ದೇಹದ ಮುದುಕ ನನ್ನನ್ನು ಕಂಡು ನಡುಗಿದ್ದು ನೋಡಿ ನನಗೇ ನಾಚಿಕೆಯಾಯಿತು. ಬಾವು ಬಂದ ಮೊಣಕೈಯನ್ನು, ತೊಡೆಯನ್ನು ಯಾಕೆ ತಿಕ್ಕಬಾರದು ಎಂದು ಅರ್ಧ ಗಂಟೆ ವಿವರಿಸಿದೆ, ಒಂದು ಸಲವೂ ದನಿ ಏರಿಸದೆ. ಅವನು ಕೇಳಿಸಿಕೊಂಡು, “ಮೊದಲ ಹೇಳಿದ್ರ ಕೇಳ್ತಿದ್ನೆಲ್ರಿ ತಾಯಿ. ನೀವು ಹೇಳಲೇ ಇಲ್ಲ, ಬೀಗ ಹಾಕಿಸಿದ್ರಿ” ಎಂದ. ಈಗ ಬಾವಿರುವ ಕೈಕಾಲನ್ನು ಅವನೇ ನಮ್ಮಲ್ಲಿಗೆ ಕಳಿಸುತ್ತಾನೆ. ಏನೂ ಬಿದ್ದಿಲ್ಲ ಎಂದು ಹೇಳಬೇಡಿ ಎಂದು ಹೇಳಿಕೊಟ್ಟು ಕಳಿಸುತ್ತಾನೆ.

ಎರಡು ತಿಂಗಳ ನಂತರ ನನ್ನ ವಿಚಾರಣೆ ನಡೆಯಿತು. ಆಸ್ಪತ್ರೆಯ ಸಭಾಂಗಣದ ತೆರೆಯ ಮೇಲೆ ಬೆಂಗಳೂರಿನ ವೈದ್ಯಕೀಯ ಮಂಡಳಿಯ ಮೂವರು. ಪರವಾನಗಿ ಆರು ತಿಂಗಳು ಅಮಾನತಾಗುವುದು ಖಚಿತವೆಂದು ನನಗೆ ಮೊದಲೇ ತಿಳಿದಿತ್ತು. ಅವರಿಗೆ ಅನುಮಾನವಿದ್ದದ್ದು ನಾನು ಯಾರನ್ನೋ ಮುಚ್ಚಿಡುತ್ತಿದ್ದೇನೆ ಎಂದು. ಅಧ್ಯಕ್ಷರು ಕೇಳಿದರು, “ಯಾವ ಎಣ್ಣೆ ಬಳಸಿದಿರಿ?”

“ಕುಸುಬಿ ಎಣ್ಣೆ.”

“ಎಷ್ಟು ಹೊತ್ತು?”

“ಬೇಕಾದಷ್ಟು ಹೊತ್ತು.”

“ಮೂವತ್ತು ವರ್ಷ ವೈದ್ಯೆಯಾಗಿದ್ದವರು, ತಿಕ್ಕುವುದರ ವಿರುದ್ಧ ಕಾನೂನು ಮಾಡಿಸಿದವರು, ನೀವೇ ತಿಕ್ಕಿದಿರಾ?”

“ಹೌದು” ಎಂದೆ. ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ರೋಗಿಯನ್ನು ಕರೆಸಿ ಎಂದರು.

ನಾನು ಈ ಹುಡುಗಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದರಿಂದಲೇ ಇಷ್ಟೆಲ್ಲ ಆದದ್ದು. ಅವಳು ಇಲ್ಲ ಎಂದರೆ, ಮತ್ತೆ ಯಾರು ಎಂದು ಕೇಳುತ್ತಾರೆ. ಸಂಜನಾ ಬಂದು ತೆರೆಯ ಎದುರು ನಿಂತಳು. ಕುಪ್ಪಸದ ತೋಳಿನ ಮೇಲೆ ಹಿಟ್ಟಿನ ಪುಡಿ ಅಂಟಿತ್ತು, ಕೆಲಸದಿಂದ ನೇರ ಬಂದಿದ್ದಳು.

“ಬಲಗೈ ಎತ್ತಿ ಪ್ರಮಾಣ ಮಾಡಿ. ನಿಜವನ್ನೇ ಹೇಳುತ್ತೇನೆ ಅಂತ.”

ಸಂಜನಾ ಬಲಗೈ ಎತ್ತಿದಳು. ಮೊಣಕೈ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ಭುಜದ ಮೇಲಕ್ಕೆ ಬಂದು ಒಂದಿಷ್ಟು ಬಾಗಿ ನಿಂತಿತು. ಅಗಲವಾದ ಆ ಅಂಗೈಯನ್ನು ತೆರೆಯ ಕಡೆ ತಿರುಗಿಸಿ, ಪ್ರಮಾಣದ ಮಾತುಗಳನ್ನು ಒಂದೊಂದಾಗಿ ಸ್ಪಷ್ಟವಾಗಿ ಹೇಳಿದಳು.

“ನಿಮ್ಮ ಕೈಯನ್ನು ಈ ಡಾಕ್ಟರೇ ತಿಕ್ಕಿದರಾ?”

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಕೈ ಇಳಿಸಲಿಲ್ಲ.

“ಹೌದ್ರಿ. ಇವರ ತಿಕ್ಯಾರ” ಎಂದಳು. “ಭಾಳ ಬೈಕೋಂತ ತಿಕ್ಯಾರ್ರಿ.”

ಮೂವರೂ ಅದನ್ನು ಹಾಗೆಯೇ ಬರೆದುಕೊಂಡರು.